ಹೆಸರು ಹೇಳುವ ಆಟ

ಪರಿಚಯದ ಆಟಗಳೆಂದರೆ ನನಗೆ ಮೈ ಉರಿಯುತ್ತದೆ. ಪುಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಆಫೀಸಿಗೆ ಎರಡು ಸಾವಿರದ ಇಸವಿ ದಾಟಿದ ಮೇಲೆ ಈ ರೋಗ ಅಂಟಿಕೊಂಡಿತು. ಹೊಸಬರು ಸೇರಿದಾಗಲೆಲ್ಲ ನಮ್ಮನ್ನು ಏಸಿ ಕೋಣೆಯೊಂದರಲ್ಲಿ ಸುತ್ತ ನಿಲ್ಲಿಸಿ, ಟೈ ಕಟ್ಟಿದ ತರಬೇತಿಯವನೊಬ್ಬ ಕೈಗೆ ಚೆಂಡು ಕೊಡುತ್ತಿದ್ದ. ಚೆಂಡು ಹಿಡಿದವರು ತಮ್ಮ ಹೆಸರು ಹೇಳಬೇಕು, ತಮ್ಮ ಬಗ್ಗೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿಯನ್ನೂ ಹೇಳಬೇಕು. ತಲೆ ನರೆತ ಅಕೌಂಟ್ಸ್ ಸಾಹೇಬರು ತಮಗೆ ಹಲ್ಲಿಯೆಂದರೆ ಭಯ ಎಂದು ಒಪ್ಪಿಕೊಂಡು ಬೆವರಿದ್ದನ್ನು ನೋಡಿದ್ದೇನೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇದಕ್ಕೆ ಐಸ್ ಬ್ರೇಕರ್ ಅನ್ನುತ್ತಾರಂತೆ. ನನ್ನ ಸರದಿ ಬಂದಾಗ, ನಾನು ಬದನೆಕಾಯಿ ತಿನ್ನುವುದಿಲ್ಲ ಎಂದು ಹೇಳಿ ಚೆಂಡನ್ನು ಪಕ್ಕದವರಿಗೆ ಎಸೆದುಬಿಡುತ್ತಿದ್ದೆ. ಬದನೆಕಾಯಿ ನನಗೆ ಪಂಚಪ್ರಾಣ. ಆದರೆ ಗುರುತಿಲ್ಲದವರ ಮುಂದೆ ನಿಜವಾದದ್ದನ್ನು ಇಟ್ಟರೆ ಏನೇನಾಗುತ್ತದೆ ಎಂಬುದನ್ನು ನಾನು ಅದಕ್ಕೂ ಮೊದಲೇ ಕಂಡಿದ್ದೆ. ನಮ್ಮ ಅವ್ವ ಅಂಥದೊಂದು ಆಟ ಆಡುತ್ತಿದ್ದಳು.

ನಮ್ಮ ಅಪ್ಪ ದೌಂಡದಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ. ವಿಜಾಪುರದ ಕಡೆಯಿಂದ ಬಂದು ರೈಲ್ವೆ ಸೇರಿದವನು. ಗಾಡಿಯ ಕೊನೆಯ ಡಬ್ಬಿಯಲ್ಲಿ ಕೆಂಪು, ಹಸಿರು ಬಾವುಟ ಹಿಡಿದುಕೊಂಡು ಹೋದರೆ ಯಾವಾಗ ಬರುತ್ತಾನೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಬಂದರೆ ಸ್ನಾನ, ಊಟ, ನಿದ್ದೆ. ಅವನು ಮಲಗಿದ್ದಾಗ ನಾನು ಮನೆಯಲ್ಲಿ ತುದಿಗಾಲಲ್ಲಿ ಓಡಾಡುವುದನ್ನು ಕಲಿತವಳು. ಅವ್ವ ಅವನನ್ನು "ಏನ್ರೀ" ಅನ್ನುತ್ತಿದ್ದಳು, ಬೇರೆಯವರ ಮುಂದೆ "ಇವರು", ನನ್ನ ಮುಂದೆ "ನಿಮ್ಮಪ್ಪ". ಗಂಡನ ಹೆಸರನ್ನು ಹೆಂಡತಿ ಬಾಯಿಂದ ಆಡಬಾರದೆನ್ನುವುದು ಅವಳ ತಲೆಮಾರಿನ ರೂಢಿ. ಹೇಳಲು ಅಪ್ಪಣೆ ಇದ್ದದ್ದು ಒಡಪಿನಲ್ಲಿ ಮಾತ್ರ. ಪ್ರಾಸ ಕೂಡಿಸಿದ ಎರಡು ಸಾಲು, ಅದರೊಳಗೆ ಗಂಡನ ಹೆಸರು. ಹೊಸ ಸೊಸೆ ಹೊಸ್ತಿಲು ದಾಟುವಾಗ ನಾದಿನಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಸೊಸೆ ನಾಚಿಕೊಂಡು ಹೇಳುತ್ತಾಳೆ, ಹೆಂಗಸರೆಲ್ಲ ಹೋ ಎಂದು ನಗುತ್ತಾರೆ, ಅಲ್ಲಿಗೆ ಅವಳು ಮನೆಯವಳಾಗುತ್ತಾಳೆ. ಮರಾಠಿಯವರಲ್ಲೂ ಇದು ಉಂಟು, ಅವರು ಉಖಾಣಾ ಅನ್ನುತ್ತಾರೆ. ಇದನ್ನು ಆಡಿಸಲು ಟೈ ಕಟ್ಟಿದವರು ಯಾರೂ ಬೇಕಿರಲಿಲ್ಲ.

ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ಅಪ್ಪನಿಗೆ ಕಾಮಾಲೆಯಾಯಿತು. ಪುಣೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಿಟಕಿಯ ಹಿಂದೆ ಕುಳಿತವರು ಪೇಶಂಟಿನ ಹೆಸರೇನು ಎಂದು ಕೇಳಿದಾಗ ಅವ್ವ ನನ್ನ ಮುಖ ನೋಡಿದಳು. ಅಂಥ ಹೊತ್ತಿನಲ್ಲೂ ಅವಳ ಬಾಯಿಗೆ ಆ ಹೆಸರು ಬರಲಿಲ್ಲ, ನಾನೇ ಹೇಳಿದೆ. ಅಪ್ಪ ಅಲ್ಲಿಂದ ಮನೆಗೆ ಬರಲಿಲ್ಲ.

ಊರಿನಿಂದ ಬಂದ ಹೆಂಗಸರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಅವ್ವನ ತಾಳಿ ಹೋಯಿತು, ಬಳೆ ಹೋಯಿತು. ಅದರ ನಂತರ ದೌಂಡದ ಕ್ವಾರ್ಟರ್ಸಿನಲ್ಲಿ ಸಂಕ್ರಾಂತಿ ಬಂತು. ಪಕ್ಕದ ಮನೆಯವರು ಅರಿಷಿಣ ಕುಂಕುಮದ ತಟ್ಟೆ ಹಿಡಿದು ಎಲ್ಲ ಬಾಗಿಲಿಗೂ ಹೋದರು, ನಮ್ಮ ಬಾಗಿಲಿನ ಮುಂದೆ ಮಾತ್ರ ತಲೆ ತಗ್ಗಿಸಿ ನಡೆದರು. ಕೆಟ್ಟವರೇನಲ್ಲ, ಅಪ್ಪನ ಕಾಯಿಲೆಯಲ್ಲಿ ಗಂಜಿ ಮಾಡಿ ಕಳಿಸಿದವರು ಅವರೇ. ಅದಕ್ಕಿಂತ ಕಷ್ಟದ್ದೆಂದರೆ, ಅಪ್ಪನ ಮಾತು ಎತ್ತಿದ ಕೂಡಲೇ ಎದುರಿಗಿದ್ದವರ ಮುಖ ಸಣ್ಣಗಾಗಿ ಬಾಯಿಂದ "ಪಾಪ" ಎಂಬ ಶಬ್ದ ಹೊರಡುತ್ತಿತ್ತು. ಅಪ್ಪನಿಗೆ ಮೆಣಸಿನಕಾಯಿ ಭಜಿ ಅಂದರೆ ಪ್ರಾಣ ಎಂದು ಅವ್ವ ನಗುತ್ತ ಶುರು ಮಾಡಿದರೆ ಎದುರಿನವರು "ಪಾಪ" ಅನ್ನುವರು, ಮಾತು ಅಲ್ಲಿಗೇ ನಿಲ್ಲುವುದು. ಬರಬರುತ್ತ ಅವ್ವ ಅಪ್ಪನ ವಿಷಯ ಆಡುವುದನ್ನೇ ಬಿಟ್ಟಳು. ನಮ್ಮಿಬ್ಬರ ಮನೆಯಲ್ಲಿ ಅವನ ಹೆಸರು ಹೇಳುವವರು ಯಾರೂ ಉಳಿಯಲಿಲ್ಲ.

ಅಪ್ಪನ ಕೆಲಸದ ಬದಲಿಗೆ ಅವ್ವನಿಗೆ ಪುಣೆಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ನನಗೆ ಆಕುರ್ಡಿಯಲ್ಲಿ ಕಾಲೇಜು. ಹಾಗಾಗಿ ನಿಗಡಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ ಹಿಡಿದೆವು. ತೊಂಬತ್ತರ ದಶಕದ ನಡುವಿನ ಮಾತು ಇದು. ಆಗಿನ್ನೂ ನಿಗಡಿಯಲ್ಲಿ ಬಯಲು ಇತ್ತು, ಸಂಜೆಯ ಗಾಳಿ ಇತ್ತು. ನಮ್ಮನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಬೋಳು ಹಣೆಯಲ್ಲಿ ಆಫೀಸಿಗೆ ಹೋದರೆ ಜನ ದಿಟ್ಟಿಸುತ್ತಾರೆಂದು ಅವ್ವ ಸಣ್ಣದೊಂದು ಟಿಕಳಿ ಇಟ್ಟುಕೊಳ್ಳುತ್ತಿದ್ದಳು, ಬರಿಗೊರಳು ಕಾಣದಂತೆ ಸೆರಗನ್ನು ಎರಡೂ ಭುಜಕ್ಕೆ ಹೊದ್ದುಕೊಳ್ಳುತ್ತಿದ್ದಳು. ಬೆಳಗ್ಗೆ ಲೋಕಲ್ ರೈಲು ಹಿಡಿದು ಹೋಗಿ ಸಂಜೆ ಲೋಕಲ್ಲಿನಲ್ಲೇ ಬರುವುದು, ಬಾಗಿಲು ಹಾಕಿಕೊಳ್ಳುವುದು, ಇಷ್ಟೇ ಅವಳ ದಿನಚರಿ.

ಒಂದು ರವಿವಾರ ಅಡಿಗೆ ಮಾಡಲು ಬೇಸರವಾಗಿ ಚೌಕದ ಹೋಟೆಲಿಗೆ ಇಡ್ಲಿ ತಿನ್ನಲು ಹೋದೆವು. ಚಟ್ನಿಗೆ ಸಕ್ಕರೆ ಸುರಿದಿದ್ದಾರೆ, ಇದನ್ನು ಚಟ್ನಿ ಅನ್ನಬೇಕೋ ಪಾಯಸ ಅನ್ನಬೇಕೋ ಎಂದು ನಾನು ಕನ್ನಡದಲ್ಲಿ ಬೈಯುತ್ತಿದ್ದೆ. ಗಲ್ಲಾದ ಮೇಲೆ ಕುಳಿತಿದ್ದ ದಪ್ಪನೆಯ ಹೆಂಗಸು ಎದ್ದು ನಮ್ಮ ಟೇಬಲ್ಲಿಗೇ ಬಂದರು.

"ಸಕ್ಕರೆ ಹಾಕದಿದ್ರೆ ಇಲ್ಲಿಯವರು ತಿನ್ನುದಿಲ್ಲ ಮಾರಾಯ್ತಿ. ನೀವು ಕನ್ನಡದವರಾ?" ಎಂದು ಅವರು ಕುರ್ಚಿ ಎಳೆದುಕೊಂಡು ಕುಳಿತರು.

ಕುಂದಾಪುರದ ಕಡೆಯವರು. ಗಂಡ ಹೆಂಡತಿ ಸೇರಿ ಆ ಹೋಟೆಲು ನಡೆಸುತ್ತಿದ್ದರು. ನಿಗಡಿ, ಆಕುರ್ಡಿ, ಚಿಂಚವಡದ ಕನ್ನಡ ಹೆಂಗಸರನ್ನೆಲ್ಲ ಕಲೆಹಾಕಿ ಒಂದು ಮಹಿಳಾ ಮಂಡಳ ಮಾಡಿದ್ದರು. ತಿಂಗಳಿಗೊಮ್ಮೆ ಹೋಟೆಲಿನ ಮಹಡಿಯ ಮೇಲೆ ಸೇರುವುದು, ಹಾಡು, ಆಟ, ಉಪ್ಪಿಟ್ಟು. ನಾನು ಅವರನ್ನು ಹೋಟೆಲ್ ಅಕ್ಕ ಎನ್ನುತ್ತಿದ್ದೆ. ಅವರು ಕರೆದರೆ ಬರುವುದಿಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಭಜನೆ ಇರಬೇಕೆಂದು ತಿಳಿದು ಅವ್ವ ಆ ತಿಂಗಳು ನನ್ನನ್ನೂ ಕರೆದುಕೊಂಡು ಹೋದಳು.

ಭಜನೆ ಮುಗಿದ ಮೇಲೆ ಅಕ್ಕ ಒಂದು ಸ್ಟೀಲಿನ ಬಟ್ಟಲು, ಒಂದು ತಾಟು, ಒಂದು ಚಮಚ ತೆಗೆದುಕೊಂಡು ಜಮಖಾನದ ನಡುವೆ ಕುಳಿತರು. ಅವರು ಚಮಚದಿಂದ ತಾಟು ಬಡಿಯುತ್ತಿರುವವರೆಗೆ ಬಟ್ಟಲು ಕೈಯಿಂದ ಕೈಗೆ ಸುತ್ತಬೇಕು, ಸದ್ದು ನಿಂತಾಗ ಬಟ್ಟಲು ಯಾರ ಕೈಯಲ್ಲಿದೆಯೋ ಅವರು ಒಡಪು ಹಚ್ಚಿ ಗಂಡನ ಹೆಸರು ಹೇಳಬೇಕು. ಒಡಪು ಅವರ ಕಡೆಯ ಪದ್ಧತಿಯಲ್ಲ, ಮರಾಠಿ ನೆರೆಯವರಿಂದ ಉಖಾಣಾ ಕಲಿತು ಅದರ ಹುಚ್ಚು ಹಿಡಿಸಿಕೊಂಡಿದ್ದರು. ಹೊಸಬರಿಗಂತೂ ಬಟ್ಟಲು ಸುತ್ತಿಸುವ ರಿಯಾಯಿತಿಯೂ ಇರಲಿಲ್ಲ, ನೇರವಾಗಿ ಶಿಕ್ಷೆ.

"ಹೊಸಬರು ಮೊದಲು! ಹೇಳ್ಬೇಕು, ಯಜಮಾನರ ಹೆಸರು ಹೇಳದಿದ್ರೆ ಉಪ್ಪಿಟ್ಟು ಇಲ್ಲ" ಎಂದು ಅಕ್ಕ ಬಟ್ಟಲನ್ನು ಅವ್ವನ ಕೈಗೆ ಕೊಟ್ಟರು.

ಎಲ್ಲರೂ ಅವ್ವನ ಕಡೆ ತಿರುಗಿದರು. ಅವ್ವ ಬಟ್ಟಲನ್ನೇ ನೋಡುತ್ತ ಕುಳಿತಳು. ಇನ್ನೇನು ನಾನೇ ಬಾಯಿ ಬಿಟ್ಟು, ಇಲ್ರೀ, ನಮ್ಮಪ್ಪ ಇಲ್ಲ ಎಂದು ಹೇಳಿ, ಎಲ್ಲರ ಮುಖ ಸಣ್ಣಗಾಗುವುದನ್ನು ನೋಡಬೇಕು. ಅಷ್ಟರಲ್ಲಿ ಅವ್ವ ತಲೆ ಎತ್ತಿದಳು.

"ಬಟ್ಟಲ ತುಂಬ ಎಳ್ಳು, ತಾಟಿನ ತುಂಬ ಬೆಲ್ಲ," ಎಂದಳು. ಆಮೇಲೆ ಅಪ್ಪನ ಹೆಸರನ್ನು, ಊರಿನವರು ಕರೆಯುತ್ತಿದ್ದ ಪೂರ್ತಿ ಹೆಸರನ್ನು, ನಿಧಾನವಾಗಿ ಬಿಡಿಸಿ ಹೇಳಿ, "ಅವರನ್ನ ಬಿಟ್ಟರ ನನಗ ಯಾರೂ ಇಲ್ಲ" ಎಂದು ಮುಗಿಸಿದಳು.

ಮಹಡಿಯೇ ಹಾರಿಹೋಗುವಂಥ ಚಪ್ಪಾಳೆ. ಒಬ್ಬರು ಅವ್ವನ ತೊಡೆ ಚಿವುಟಿದರು. ಯಜಮಾನರು ಏನು ಮಾಡುತ್ತಾರೆ ಎಂದು ಅಕ್ಕ ಕೇಳಿದರು.

"ಗಾರ್ಡ್ ಅದಾರ್ರೀ, ಗೂಡ್ಸ್ ಗಾಡಿಗೆ. ದೌಂಡದಾಗ. ಮನೀಗೆ ಬರೂದು ಅಪರೂಪ" ಎಂದಳು ಅವ್ವ. ಅವಳ ಮುಖ ಕೆಂಪಾಗಿತ್ತು.

ಮನೆಗೆ ನಡೆದು ಬರುವಾಗ ನಾನು ಅವಳ ಮೇಲೆ ಹರಿಹಾಯ್ದೆ. "ಅವ್ವಾ, ಯಾಕ ಹಂಗ ಸುಳ್ಳ ಹೇಳಿದಿ? ನಾಳೆ ಗೊತ್ತಾದ್ರ ಏನಂತಾರ?"

ಅವ್ವನಿಗೆ ನನ್ನ ಸಿಟ್ಟು ಕೇಳಿಸಿದಂತೆ ಕಾಣಲಿಲ್ಲ. "ಅವರ ಹೆಸರು ನನ್ನ ಬಾಯಾಗ ಬಂತ ನೋಡವಾ. ಹೇಳಿದೆ, ಎಲ್ಲಾರೂ ನಕ್ಕರು. ಒಬ್ಬರರೆ ಪಾಪ ಅಂದರೇನು?" ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ಲಗ್ನದಾಗ ಹೇಳಿದಂಗ ಆತು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆ ಸಂಜೆ ಅವಳು ಎರಡು ಸಲ ಚಹಾ ಮಾಡಿದಳು.

ಮುಂದಿನ ಸಭೆಗೆ ಮೊದಲು ಅವ್ವ ಪಿಂಪರಿ ಮಾರ್ಕೆಟ್ಟಿಗೆ ಹೋಗಿ ಖೋಟಾ ಕರಿಮಣಿ ತಂದಳು. ಅದನ್ನು ನೋಡಿದ ದಿನ ನಾವಿಬ್ಬರೂ ಜಗಳವಾಡಿದೆವು. ಆಫೀಸಿನಲ್ಲಿ ಎಲ್ಲರಿಗೂ ವಿಷಯ ಗೊತ್ತು, ಅಲ್ಲಿ ಹಾಕುವಂತಿಲ್ಲ, ತಿಂಗಳಿಗೊಂದು ಮಧ್ಯಾಹ್ನ ಮಾತ್ರ ಹಾಕಬೇಕು. ಇದೇನು ನಾಟಕ ಕಂಪನಿಯೇ ಎಂದು ನಾನು ರೇಗಿದೆ. ಅವಳು ಕನ್ನಡಿಯ ಮುಂದೆ ನಿಂತು ಕೊಂಡಿ ಹಾಕಿಕೊಳ್ಳುತ್ತ, "ಇದು ನನಗ ಬೇಕಾಗಿಲ್ಲವಾ. ಇದು ಇಲ್ಲದಿದ್ರ ಅವರು ಹೆಸರು ಕೇಳಂಗಿಲ್ಲ" ಎಂದಳು.

ಹೀಗೆ ನಾಲ್ಕು ವರ್ಷ ನಡೆಯಿತು. ಪ್ರತಿ ತಿಂಗಳೂ ಹೊಸ ಒಡಪು. ಲೋಕಲ್ಲಿನಲ್ಲಿ ನಿಂತುಕೊಂಡೇ ಕಟ್ಟುತ್ತಿದ್ದಳು. ಅಕ್ಕಿ ಆರಿಸುವಾಗ ತುಟಿ ಅಲ್ಲಾಡಿದರೆ ಪ್ರಾಸ ಹುಡುಕುತ್ತಿದ್ದಾಳೆಂದು ನನಗೆ ತಿಳಿಯುತ್ತಿತ್ತು. "ಕೆಂಪು ನಿಶಾನಿ ತೋರಿಸಿದರ ನಿಂದರತದ ಗಾಡಿ" ಎಂದು ಎತ್ತಿಕೊಂಡು, ಅಪ್ಪನ ಹೆಸರು ಹೇಳಿ, "ಅವರು ನಗತಾರ ನನ್ನ ಮಾರಿ ನೋಡಿ" ಎಂದು ಮುಗಿಸಿದ ದಿನ ಹೆಂಗಸರು ಅದನ್ನು ಎರಡೆರಡು ಸಲ ಹೇಳಿಸಿದರು. ನನಗೆ ನೆನಪಿರುವಂತೆ ಅಪ್ಪ ಅಷ್ಟು ನಗುವವನಲ್ಲ. ನಿದ್ದೆಗೆಟ್ಟ ಕಣ್ಣಿನ ಮಿತಭಾಷಿ. ಮಂಡಳದಲ್ಲಿ ಮಾತ್ರ ಅವನು ದಿನದಿನಕ್ಕೆ ರಸಿಕನಾಗುತ್ತ ಹೋದ. ಬೂಟಿಗೆ ಪಾಲಿಶ್ ಹಚ್ಚುತ್ತ ಸೀಟಿ ಹೊಡೆಯುತ್ತಿದ್ದ, ಬಶಿಯಲ್ಲಿ ಚಹಾ ಆರಿಸಿ ಹೆಂಡತಿಗೂ ಕೊಡುತ್ತಿದ್ದ. ಎಷ್ಟು ನಿಜವೋ ಎಷ್ಟು ಪ್ರಾಸಕ್ಕಾಗಿಯೋ ನಾನು ಕೇಳಲಿಲ್ಲ.

ಒಮ್ಮೆ ಅವಳು ಜೇಜುರಿಯ ಒಡಪು ಹೇಳಿದಳು. "ಜೇಜುರಿ ಗುಡ್ಡಾ ಏರಾಕ ಮೆಟ್ಟಲ ಸಾಲ ಸಾಲ," ಆಮೇಲೆ ಹೆಸರು, "ಅವರು ಕೈ ಹಿಡಿದರ ನೋಯಂಗಿಲ್ಲ ಕಾಲ." ಆ ಗುಡ್ಡದ ಖಂಡೋಬಾ ನಮ್ಮ ಮನೆದೇವರು. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿಯನ್ನು ಎತ್ತಿಕೊಂಡು ಮೊದಲ ಕೆಲವು ಮೆಟ್ಟಿಲು ಹತ್ತಬೇಕು, ಅದು ಅಲ್ಲಿಯ ಪದ್ಧತಿ. ಹೆಂಗಸರು ಬಿಡಲಿಲ್ಲ, ಎತ್ತಿಕೊಂಡಿದ್ದರೋ ಇಲ್ಲವೋ ಹೇಳಿ ಎಂದು ಗಂಟುಬಿದ್ದರು. ಎತ್ತಿಕೊಂಡು ಎರಡನೆಯ ಮೆಟ್ಟಿಲಿಗೇ ಅಪ್ಪನ ಚಪ್ಪಲಿ ಕಿತ್ತುಹೋಯಿತಂತೆ, ಇಬ್ಬರೂ ಭಂಡಾರದ ಅರಿಷಿಣ ಪುಡಿಯಲ್ಲಿ ಕುಕ್ಕರಿಸಿದರಂತೆ, ಎದ್ದು ನೋಡಿದರೆ ಇಬ್ಬರೂ ಅಡಿಯಿಂದ ಮುಡಿಯವರೆಗೆ ಹಳದಿಯಂತೆ. ಅವ್ವ ಹೇಳುತ್ತ ಹೇಳುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಇದನ್ನು ನಾನು ನನ್ನ ಹುಟ್ಟಿನಿಂದ ಆ ದಿನದವರೆಗೆ ಕೇಳಿರಲಿಲ್ಲ. ನನ್ನ ಅಪ್ಪನ ಪರಿಚಯ ನನಗೂ ಆ ಜಮಖಾನದ ಮೇಲೆಯೇ ಆಗುತ್ತಿತ್ತು, ಅವನು ಹೋದ ಮೇಲೆ. ನನಗೆ ಹೊಟ್ಟೆಕಿಚ್ಚಾಯಿತು. ಗುರುತಿಲ್ಲದ ಇಷ್ಟು ಹೆಂಗಸರಿಗೆ ಸಿಗುತ್ತಿರುವ ಅಪ್ಪ ನನಗೆ ಯಾಕೆ ಸಿಗಲಿಲ್ಲ ಎಂದು ಅಳು ಬಂತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಹೋಟೆಲ್ ಅಕ್ಕನಿಗೆ ಅಪ್ಪನ ಮೇಲೆ ವಿಶೇಷ ಪ್ರೀತಿ. ಮೆಣಸಿನಕಾಯಿ ಭಜಿ ಇಷ್ಟವೆಂದು ತಿಳಿದ ಮೇಲೆ ಪ್ರತಿ ಸಲ ಒಂದು ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. "ಗಾರ್ಡ್ ಸಾಹೇಬ್ರಿಗೆ. ನೀವೇ ತಿಂದು ಮುಗಿಸ್ಬೇಡಿ ಮತ್ತೆ." ಅವ್ವ ಅದನ್ನು ತಂದು ತಾಟಿನಲ್ಲಿ ಮುಚ್ಚಿಡುತ್ತಿದ್ದಳು. ನಾನು ತಿನ್ನಲು ಹೋದರೆ ಆಮೇಲೆ ತಿನ್ನುವಿಯಂತೆ ಎನ್ನುತ್ತಿದ್ದಳು. ಮರುದಿನ ತಣ್ಣಗಾಗಿ ಮೆತ್ತಗಾದ ಭಜಿಗಳನ್ನು ಇಬ್ಬರೂ ತಿಂದು ಮುಗಿಸುತ್ತಿದ್ದೆವು. ಗಂಡ ಒಂದು ದಿನವೂ ನಿಗಡಿಗೆ ಬರಲಿಲ್ಲವೆಂದು ಮಂಡಳದ ಕೆಲವರಿಗೆ ಅನುಮಾನ ಬಂದಿರಬಹುದು. ಅವನಿಗೆ ಬೇರೆ ಸಂಸಾರ ಇರಬೇಕೆಂದು ಎಣಿಸಿದವರೂ ಇದ್ದಿರಬಹುದು. ಕೇಳಿದವರಿಗೆ ಅವ್ವ "ಡ್ಯೂಟಿ ಮ್ಯಾಲ ಅದಾರ್ರೀ" ಎನ್ನುತ್ತಿದ್ದಳು. ರೈಲ್ವೆಯವರ ಹೆಂಡಂದಿರ ಪಾಡು ಬಲ್ಲವರು ಅದನ್ನು ಒಪ್ಪಿಕೊಂಡರು.

ನನ್ನ ಡಿಗ್ರಿ ಮುಗಿದು, ಕೆಲಸವೂ ಸಿಕ್ಕು, ಸೋಲಾಪುರದ ಮೂಲದ, ಪುಣೆಯಲ್ಲೇ ಇದ್ದ ಒಬ್ಬರ ಜೊತೆ ನನ್ನ ಮದುವೆ ಗೊತ್ತಾಯಿತು. ಗಂಡಿನ ಕಡೆಯವರಿಗೆ ಎಲ್ಲವೂ ಗೊತ್ತಿತ್ತು. ಪ್ರಶ್ನೆ ಇದ್ದದ್ದು ಮಂಡಳದ್ದು. ಮದುವೆ ಚಿಂಚವಡದ ಮಂಗಲ ಕಾರ್ಯಾಲಯದಲ್ಲಿ, ಧಾರೆ ಎರೆಯುವವನು ಸೋದರಮಾವ. ಮಂಡಳದವರು ಬಂದರೆ ಮೊದಲು ಕೇಳುವ ಪ್ರಶ್ನೆಯೇ ವಧುವಿನ ತಂದೆ ಎಲ್ಲಿ ಎಂದು.

"ಕರೀಬ್ಯಾಡ ಬಿಡು. ನಿನ್ನ ಆಟ ನಿನಗ ಉಳೀತದ" ಎಂದೆ ನಾನು.

"ಕರೀತೀನವಾ. ಇಷ್ಟ ದಿವಸ ಅವರ ಕೈಲೆ ಉಂಡು ಮಗಳ ಲಗ್ನಕ್ಕ ಕರೀದಿದ್ರ ನಾ ಮನಷ್ಯಾಳೇನು? ಗೊತ್ತಾಗ್ಲಿ. ಗೊತ್ತಾದ ಮ್ಯಾಲೂ ಅವರು ನನ್ನ ಕೈಯಾಗ ಬಟ್ಟಲಾ ಕೊಟ್ಟು ಹೆಸರು ಹೇಳು ಅಂತಾರೇನು, ಅಷ್ಟ ನೋಡೂದದ" ಎಂದಳು. ಅವಳಿಗೆ ಬೇಕಾದದ್ದು ಅಷ್ಟೇ ಎಂದು ನನಗೆ ಆಗ ಪೂರ್ತಿ ಅರ್ಥವಾಯಿತು. ಮನೆಮನೆಗೆ ಹೋಗಿ ಬಾಯಿಂದಲೇ ಎಲ್ಲರನ್ನೂ ಕರೆದು ಬಂದಳು.

ಮದುವೆಯ ದಿನ ನಮ್ಮ ಸೋದರತ್ತೆ, ಅಪ್ಪನ ತಂಗಿ, ವಿಜಾಪುರದಿಂದ ಬಂದವಳು, ಅವ್ವನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದಳು. ಶುಭಕಾರ್ಯದಲ್ಲಿ ಮುಂದೆ ಬರಬೇಡ, ಅಕ್ಷತೆಯ ಹೊತ್ತಿಗೆ ಬಾಗಿಲಿಗೆ ಬಂದು ನಿಂತರೆ ಸಾಕು ಎಂದಳು. ಅವ್ವ ಹೂಂ ಎಂದಳು. ಮಂಡಳದ ಹೆಂಗಸರು ರೇಶ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಗುಂಪಾಗಿ ಬಂದರು. ಹೋಟೆಲ್ ಅಕ್ಕ ನೇರವಾಗಿ ಸೋದರತ್ತೆಯ ಹತ್ತಿರ ಹೋಗಿ ನಿಂತರು. ನಾನು ಮಂಟಪದ ಹತ್ತಿರ ಇದ್ದೆ, ಮಾತು ಕೇಳಿಸುವಷ್ಟು ಸಮೀಪ.

"ಗಾರ್ಡ್ ಸಾಹೇಬ್ರು ಎಲ್ಲಿ? ಇವತ್ತಾದ್ರೂ ಮುಖ ತೋರಿಸ್ಲಿ ಅವರು" ಎಂದು ಅಕ್ಕ ನಗುತ್ತ ಕೇಳಿದರು.

ಸೋದರತ್ತೆ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಯಾರ್ರೀ, ನಮ್ಮಣ್ಣಾ? ಅಂವ ಹೋಗಿ ಭಾಳ ವರ್ಷ ಆತಲ್ರಿ. ಈ ಕೂಸು ಸಾಲೀಗೆ ಹೋಗಾಗನ ಹೋದಾ" ಎಂದಳು.

ಅಕ್ಕನ ಮುಖದ ನಗು ಹಾಗೇ ಉಳಿದು ಆಮೇಲೆ ನಿಧಾನವಾಗಿ ಇಳಿಯಿತು. ಪಕ್ಕದ ಕೋಣೆಗೆ ಹೋದರು. ಅಲ್ಲಿ ಬರಿಗೊರಳಿನಲ್ಲಿ ಕುಳಿತಿದ್ದ ಅವ್ವನನ್ನು ನೋಡಿ, ಹೊರಗೆ ಬಂದು, ಒಂದು ಲೋಟ ಕಾಫಿ ತಾವೇ ತೆಗೆದುಕೊಂಡು ಹೋಗಿ ಅವಳ ಕೈಗಿಟ್ಟರು. ಊಟದ ಹೊತ್ತಿಗೆ ಮಂಡಳದ ಹೆಂಗಸರಿಗೆಲ್ಲ ವಿಷಯ ಮುಟ್ಟಿತ್ತು. ಒಬ್ಬರೂ ಎದ್ದು ಹೋಗಲಿಲ್ಲ, ಒಬ್ಬರೂ ಒಂದು ಮಾತು ಆಡಲಿಲ್ಲ. ಅಕ್ಕ ಸೆರಗು ಸಿಕ್ಕಿಸಿಕೊಂಡು ಪಂಕ್ತಿಯಲ್ಲಿ ಬಡಿಸಲು ನಿಂತರು. ಅಂಥ ದೊಡ್ಡ ಮನಸ್ಸಿನವರು.

ಅದರ ಮುಂದಿನ ಸಂಕ್ರಾಂತಿಗೆ ಅಕ್ಕ ಖುದ್ದಾಗಿ ಅವ್ವನ ಮನೆಗೆ ಬಂದು ಕರೆದರು. ಹಬ್ಬಕ್ಕೆಂದು ನಾನು ತವರಿಗೆ ಬಂದಿದ್ದೆ. "ಬರ್ಲೇಬೇಕು ನೀವು. ನಾವೇನು ಹಳೇ ಕಾಲದವರಾ? ಕುಂಕುಮ ನಾನೇ ಇಡ್ತೇನೆ. ಯಾರೆಂತ ಹೇಳ್ತಾರೆ, ನೋಡುವ" ಎಂದರು. ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಲಿಲ್ಲ. ಅವರು ಹೋದ ಮೇಲೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು ಕುಸುರೆಳ್ಳಿಗೆ ಪಾಕ ಇಟ್ಟಳು. ಎಳ್ಳಿಗೆ ಸಕ್ಕರೆಯ ಮುಳ್ಳು ಏಳುವವರೆಗೆ ಸಣ್ಣ ಉರಿಯಲ್ಲಿ ಕೈಯಾಡಿಸುವ ಕೆಲಸ ಅದು, ಸೊಂಟ ಮುರಿಯುತ್ತದೆ. ಅವ್ವ ಮಾತ್ರ ಕೈಯಾಡಿಸುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಒಡಪು ಏನು ಕಟ್ಟಿದಿ ಎಂದು ಕೇಳಿದೆ. "ಅಲ್ಲೆ ಕೇಳುವಿಯಂತ. ಇನ್ನ ಸುಳ್ಳು ಹೇಳೂದಿಲ್ಲಲ್ಲ, ಈ ಸಲದ್ದು ಭಾಳ ಛಲೋ ಆಗೇದ" ಎಂದಳು. ಆ ಖೋಟಾ ಕರಿಮಣಿಯನ್ನು ಅವಳು ಹಾಕಿಕೊಳ್ಳಲಿಲ್ಲ.

ಮಹಡಿಯ ಮೇಲೆ ಅಕ್ಕ ಮೊದಲು ಅವ್ವನ ಹಣೆಗೇ ಕುಂಕುಮವಿಟ್ಟರು. ಎಲ್ಲರೂ ನೋಡುವಂತೆ, ದೊಡ್ಡದಾಗಿ ಇಟ್ಟರು. ಬೇರೆಯವರೂ ಒಬ್ಬೊಬ್ಬರಾಗಿ ಬಂದು ಎಳ್ಳು ಕೊಟ್ಟರು, ಕೈ ಹಿಡಿದರು. ಒಬ್ಬಿಬ್ಬರ ಕಣ್ಣಲ್ಲಿ ನೀರಿತ್ತು. ಅವ್ವ ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುತ್ತಿದ್ದಳು, ಆದರೆ ಅವಳ ಕಣ್ಣು ಮೂಲೆಯಲ್ಲಿದ್ದ ಸ್ಟೀಲಿನ ಬಟ್ಟಲಿನ ಮೇಲಿತ್ತು.

ಆಟ ಶುರುವಾಯಿತು. ಹೊಸ ಮದುವಣಗಿತ್ತಿಯೆಂದು ಮೊದಲ ಶಿಕ್ಷೆ ನನಗೆ. ಲೋಕಲ್ ಗಾಡಿ, ಗದ್ದಲ ಎಂದು ಏನೋ ಪ್ರಾಸ ಹೊಂದಿಸಿ ಗಂಡನ ಹೆಸರು ಹೇಳಿದೆ. ಮನೆಯಲ್ಲಿ ದಿನವೂ ಕೂಗಿ ಕರೆಯುವ ಹೆಸರು ಅದು, ನನಗೆ ನಾಚಿಕೆಯೂ ಬರಲಿಲ್ಲ. ತಾಟು ಬಡಿಯತೊಡಗಿತು, ಬಟ್ಟಲು ಸುತ್ತಿತು. ಒಬ್ಬರು ಹೇಳಿದರು, ಇನ್ನೊಬ್ಬರು ಹೇಳಿದರು. ಬಟ್ಟಲು ಅವ್ವನ ಹತ್ತಿರ ಬಂದಾಗಲೆಲ್ಲ ಅವಳು ಅದನ್ನು ಸ್ವಲ್ಪ ಹೆಚ್ಚೇ ಹೊತ್ತು ಹಿಡಿದುಕೊಳ್ಳುತ್ತಿದ್ದಳು. ಅಕ್ಕನ ಚಮಚ ನಿಲ್ಲುತ್ತಿರಲಿಲ್ಲ. ಪಕ್ಕದವರು ಮೆಲ್ಲಗೆ ಅವಳ ಕೈಯಿಂದ ಬಟ್ಟಲು ಬಿಡಿಸಿಕೊಂಡು ಮುಂದೆ ಸಾಗಿಸುತ್ತಿದ್ದರು.

ಕೊನೆಗೆ ಅವ್ವ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದುಬಿಟ್ಟಳು. ತಾಟಿನ ಸದ್ದು ನಿಲ್ಲಲೇಬೇಕಾಯಿತು. ಅವ್ವ ಸೆರಗು ಸರಿಮಾಡಿಕೊಂಡು ಗಂಟಲು ಸರಿಪಡಿಸಿಕೊಂಡಳು.

"ಇವರು ಹಾಡ್ತಾರೆ!" ಎಂದರು ಅಕ್ಕ, ಅವಸರವಾಗಿ. "ಇವರಿಗೆ ಒಡಪು ಗಿಡಪು ಎಂತದೂ ಬೇಡ. ಇವರಿಂದ ಒಂದು ದೇವರ ಹಾಡು ಕೇಳುವ."

"ಹೌದ್ರಿ, ಹಾಡ್ರಿ, ಹಾಡ್ರಿ" ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಅವರಿಗೆಲ್ಲ ಉಸಿರು ಬಂದಂತಾಗಿತ್ತು. ನನ್ನ ಪಕ್ಕದಲ್ಲಿದ್ದವರು ತಗ್ಗಿದ ದನಿಯಲ್ಲಿ "ಪಾಪ" ಎಂದರು.

ಅವ್ವ ಒಂದು ಕ್ಷಣ ಅಕ್ಕನ ಮುಖವನ್ನೇ ನೋಡಿದಳು. ಆಮೇಲೆ ಹಾಡಿದಳು. ಅವಳ ಕಂಠ ಚೆನ್ನಾಗಿಯೇ ಇತ್ತು, ಹಾಡು ಎಲ್ಲಿಯೂ ತಪ್ಪಲಿಲ್ಲ. ಚಪ್ಪಾಳೆ ಹಿಂದೆಂದಿಗಿಂತ ಜೋರಾಗಿತ್ತು. ಅಕ್ಕ ಎದ್ದು ಬಂದು ಅವಳನ್ನು ತಬ್ಬಿಕೊಂಡರು, ಬಟ್ಟಲನ್ನು ತೆಗೆದುಕೊಂಡು ಹೋದರು. ಮನಸ್ಸಿಗೆ ನೋವಾಗಬಾರದೆಂದು ಮಾಡಿದ್ದು, ನನಗೆ ಗೊತ್ತು. ಇವತ್ತಿಗೂ ಅವರ ಮೇಲೆ ಸಿಟ್ಟು ಮಾಡಲು ನನಗೆ ಆಗುವುದಿಲ್ಲ, ಆಗಿದ್ದರೆ ನನ್ನ ಸಂಕಟ ಸ್ವಲ್ಪ ಕಡಿಮೆಯಾದರೂ ಆಗುತ್ತಿತ್ತು. ಆ ಸಲ ಅವರು ಭಜಿಯ ಪೊಟ್ಟಣ ಕಟ್ಟಿ ಕೊಡಲಿಲ್ಲ.

ಇಬ್ಬರೂ ಮನೆಗೆ ನಡೆದು ಬಂದೆವು. ಅವ್ವ ಒಳಗೆ ಬಂದು, ಹಬ್ಬದ ಕಾಣಿಕೆಯೆಂದು ಮಂಡಳದವರು ಕೊಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಅಡಿಗೆಯ ಕಟ್ಟೆಯ ಮೇಲೆ ಇಟ್ಟು ನೆಲದ ಮೇಲೆ ಕುಳಿತಳು. ನಾನು ಅವಳ ಎದುರಿಗೆ ಕುಳಿತೆ.

"ಅವ್ವಾ, ನನ್ನ ಮುಂದ ಹೇಳು ಒಡಪು. ನಾ ಕೇಳ್ತೀನಿ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. ನಾನು ಮತ್ತೆ ಕೇಳಿದೆ, ಕೈ ಹಿಡಿದು ಕೇಳಿದೆ. ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ. ಅಷ್ಟು ದಿನ ಕೂತು ಕಟ್ಟಿದ, ಬಹಳ ಚೆನ್ನಾಗಿದೆ ಎಂದು ಅವಳೇ ಹೇಳಿದ ಆ ಒಡಪು ಏನಿತ್ತೆಂದು ನನಗೆ ಗೊತ್ತೇ ಆಗಲಿಲ್ಲ.

"ನಿನಗೇನು ಹೇಳ್ಲಿ? ನಿನಗ ಅವರು ಹೋದದ್ದು ಗೊತ್ತದ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮಪ್ಪ ಅಲ್ಲೆ ಒಂದು ಕಡೆ ಇದ್ರವಾ. ಇವತ್ತ ಅಲ್ಲೂ ಹೋದ್ರು."